ಶೂನ್ಯ ಟಿಕೆಟ್ಟು, ಕೊನೆಯ ಬಸ್ಸು

ಬೇಸಿಗೆ ಸೂಟಿಯಲ್ಲಿ ರಾಯಚೂರಿನ ಹುಡುಗಿಯೊಬ್ಬಳು ಒಂದು ದಿನದ ಮಟ್ಟಿಗೆ ಹೊರಗೆ ಹೋಗಿ ಬರಬೇಕೆಂದರೆ ದುಡ್ಡಿಗಿಂತ ಮೊದಲು ಬೇಕಾಗುವುದು ಒಂದು ದೇವರ ಹೆಸರು. ‘ಎಲ್ಲಿಗವ್ವಾ ಹೊಂಟಿ, ಈ ಬಿಸಲಾಗ?’ ಎಂದು ಅಪ್ಪ ಕೇಳಿದಾಗ ‘ಮಂತ್ರಾಲಯಕ್ಕ’ ಎಂದುಬಿಟ್ಟರೆ ಮಾತು ಮುಗಿಯಿತು. ‘ರಾಯರಿಗೆ ನಂದೂ ಒಂದು ನಮಸ್ಕಾರ ಹೇಳು’ ಎಂದು ಅವರೇ ಚಪ್ಪಲಿ ಮುಂದಕ್ಕೆ ಸರಿಸುತ್ತಾರೆ. ಅದೇ ಹುಡುಗಿ ‘ಕ್ವಾಟಿ ನೋಡಾಕ’ ಎಂದಳೋ, ‘ಕ್ವಾಟ್ಯಾಗ ಏನದ ನೋಡಾಕ? ಕಲ್ಲು!’ ಎಂಬ ಉತ್ತರ ಬರುತ್ತದೆ. ಕೋಟೆ ಇರುವುದು ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಮಂತ್ರಾಲಯವಿರುವುದು ಹೊಳೆ ದಾಟಿ ಇನ್ನೊಂದು ರಾಜ್ಯದಲ್ಲಿ.

ಪದವಿ ಓದುತ್ತಿರುವ ನನ್ನ ಅಣ್ಣನ ಮಗಳು ಹೋದ ಬೇಸಿಗೆಯಲ್ಲಿ ಒಂದು ಪಟ್ಟಿ ಹಿಡಿದುಕೊಂಡು ಬಂದಿದ್ದಳು. ಮೇಲುಗಡೆ ಊಟಿ, ಗೋವಾ, ಚಿಕ್ಕಮಗಳೂರು. ಅವುಗಳ ಮೇಲೆ ಅವಳೇ ಗೀಟು ಹೊಡೆದಿದ್ದಳು. ‘ಅತ್ತಿ, ಮುಂಜಾನೆ ಹೋಗಿ ಸಂಜಿಗಿ ಮನಿಗಿ ಬರೂವಂಥಾವು ಹೇಳ್ರಿ, ರಾತ್ರಿ ಉಳಿಯೂದು ಅಪ್ಪ ಒಪ್ಪಂಗಿಲ್ಲ’ ಎಂದಳು. ನಾನು ಮೂರು ಹೆಸರು ಹೇಳಿದೆ: ಈ ಊರೇ ಒಂದು, ದೇವದುರ್ಗದ ದಾರಿ ಒಂದು, ಮಾನ್ವಿಯ ದಾರಿ ಒಂದು. ಅವಳ ಮುಖ ಬಾಡಿತು. ಈ ಜಿಲ್ಲೆಯ ಮಕ್ಕಳಿಗೆ ತಮ್ಮ ಜಿಲ್ಲೆ ಎಂದರೆ ಬಿಸಿಲು, ಭತ್ತ ಮತ್ತು ಥರ್ಮಲ್ ಸ್ಟೇಷನ್ನು ಎಂದು ನಾವೇ ಕಲಿಸಿಟ್ಟಿದ್ದೇವೆ. ನಾನು ಹೇಳಿದ ಪಟ್ಟಿಯನ್ನು ಅವಳಂಥ ಎಲ್ಲರಿಗೂ ಬೇಕಾದೀತೆಂದು ಇಲ್ಲಿ ಬಿಚ್ಚಿ ಬರೆಯುತ್ತಿದ್ದೇನೆ.

ಮೊದಲು ಬಸ್ಸಿನ ಲೆಕ್ಕ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ‘ಶಕ್ತಿ’ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕರ್ನಾಟಕದ ವಿಳಾಸವಿರುವ ಆಧಾರ್ ಅಥವಾ ಸರ್ಕಾರ ಕೊಟ್ಟ ಬೇರೆ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರು ಶೂನ್ಯ ಮೊತ್ತದ ಟಿಕೆಟ್ಟು ಹರಿದು ಕೊಡುತ್ತಾರೆ. ಅದನ್ನು ಇಳಿಯುವ ತನಕ ಇಟ್ಟುಕೊಳ್ಳಬೇಕು. ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು. ಸಾಮಾನ್ಯ ಬಸ್ಸಿಗೂ ವೇಗದೂತಕ್ಕೂ ಇದು ನಡೆಯುತ್ತದೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ನಡೆಯುವುದಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ರಾಯಚೂರಿನಂಥ ಗಡಿಯೂರಿನಲ್ಲಿ ಈ ಕೊನೆಯ ನಿಯಮವನ್ನು ಮರೆಯಬಾರದು. 2025ರ ಜುಲೈ ಹೊತ್ತಿಗೆ ರಾಜ್ಯದ ನಾಲ್ಕೂ ನಿಗಮಗಳಿಂದ ಹರಿದ ಶೂನ್ಯ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ದಾಟಿತ್ತು. ನಮ್ಮ ಭಾಗದಲ್ಲಿ ಓಡುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸು.

ಉಚಿತದ ಬಗ್ಗೆ ಪರ ವಿರೋಧದ ಮಾತು ಸಾಕಷ್ಟು ಆಗಿದೆ. ಆ ಮಾತುಗಳಲ್ಲಿ ಒಂದು ಸಂಗತಿ ತಪ್ಪಿಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಮೊದಲು ಹುಡುಗಿ ಬಸ್ ಚಾರ್ಜಿಗೆ ಯಾರನ್ನೋ ಕೇಳಬೇಕಿತ್ತು. ಕೇಳಿದಾಗ ‘ಯಾಕ?’ ಎಂಬ ಪ್ರಶ್ನೆ ಬರುತ್ತಿತ್ತು. ಆ ‘ಯಾಕ’ಕ್ಕೆ ಗಂಡುಹುಡುಗರು ‘ಸುಮ್ನ’ ಎಂದು ಉತ್ತರಿಸಿ ಹೊರಟುಹೋಗುತ್ತಿದ್ದರು, ಹೆಣ್ಣುಮಕ್ಕಳಿಗೆ ‘ಸುಮ್ನ’ ಎಂಬ ಉತ್ತರದ ಸವಲತ್ತು ಇರಲಿಲ್ಲ. ಶೂನ್ಯ ಟಿಕೆಟ್ಟು ಹಣ ಕೇಳುವ ಗಳಿಗೆಯನ್ನು ತೆಗೆದುಹಾಕಿತು. ಗಡಿಯಾರವನ್ನು ತೆಗೆದುಹಾಕಲಿಲ್ಲ. ಈಗ ಅವಳ ತಿರುಗಾಟ ನಿಂತಿರುವುದು ಎರಡು ಹೊತ್ತಿನ ಮೇಲೆ: ಬಿಸಿಲೇರುವ ಹೊತ್ತು, ಕೊನೆಯ ಬಸ್ಸು ಹೊರಡುವ ಹೊತ್ತು. ಇವೆರಡನ್ನು ಹೊಂದಿಸಿಕೊಂಡರೆ ಉಳಿದದ್ದೆಲ್ಲ ಸಲೀಸು.

ಬಿಸಿಲಿನ ವಿಷಯದಲ್ಲಿ ಸರ್ಕಾರದ್ದೇ ಒಂದು ಒಳ್ಳೆಯ ಮಾದರಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ಎಡೆದೊರೆ ನಾಡಿನಲ್ಲಿ ಒಂದು ಕಡೆ ಎರೆಭೂಮಿ, ಇನ್ನೊಂದು ಕಡೆ ಬರೀ ಬಂಡೆ. ಎರೆ ಬಿರುಕು ಬಿಟ್ಟು ಬಾಯಿ ತೆರೆದಿರುತ್ತದೆ. ಬಂಡೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಂಬತ್ತರವರೆಗೂ ಕಾವು ಉಗುಳುತ್ತಿರುತ್ತದೆ. ಆದ್ದರಿಂದ ನಮ್ಮಲ್ಲಿ ತಿರುಗಾಟದ ದಿನ ಎಂದರೆ ನಸುಕಿನ ಐದೂವರೆಯಿಂದ ಹನ್ನೊಂದರವರೆಗೆ, ಆಮೇಲೆ ಸಂಜೆ ಐದರ ನಂತರ. ನಡುವಿನ ಹೊತ್ತನ್ನು ಯಾವುದಾದರೂ ಗುಡಿಯ ಕಟ್ಟೆ, ಬೇವಿನ ನೆರಳು ಅಥವಾ ಪರಿಚಯದವರ ಮನೆಯ ಪಡಸಾಲೆಗೆ ಬಿಟ್ಟುಬಿಡಬೇಕು. ಬೆಂಗಳೂರಿನವರು ಮಾಡಿದ ಪ್ರವಾಸದ ವಿಡಿಯೊ ನೋಡಿ ಮಧ್ಯಾಹ್ನ ಹನ್ನೆರಡಕ್ಕೆ ಕೋಟೆ ಹತ್ತಲು ಹೊರಡುವ ಮಕ್ಕಳನ್ನು ಕಂಡರೆ ನನಗೆ ಅಂಜಿಕೆಯಾಗುತ್ತದೆ.

ಕೋಟೆಯಿಂದಲೇ ಶುರು ಮಾಡೋಣ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ದಿನಾ ಆ ಗೋಡೆಯ ಪಕ್ಕದಲ್ಲೇ ಕಾಲೇಜಿಗೆ ಹೋಗುವ ಸಾವಿರಾರು ಮಕ್ಕಳು ಅದನ್ನು ಒಮ್ಮೆಯೂ ತಲೆಯೆತ್ತಿ ನೋಡಿರುವುದಿಲ್ಲ. ಒಳಕೋಟೆ ಕಟ್ಟಿದ್ದು 1294ರಲ್ಲಿ, ಕಾಕತೀಯರ ಕಾಲದಲ್ಲಿ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಗೋನ ಗನ್ನಾರೆಡ್ಡಿಯ ಆಳ್ವಿಕೆಯಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು ಹೇಳುವ ತೆಲುಗು ಶಾಸನ ಅದರ ಮೇಲಿದೆ. ನಮ್ಮ ಊರಿನಲ್ಲಿ ಬಹಳ ಜನ ಇದನ್ನು ರಾಣಿ ರುದ್ರಮ್ಮದೇವಿ ಕಟ್ಟಿಸಿದ ಕೋಟೆ ಎನ್ನುತ್ತಾರೆ. ಹೆಣ್ಣುಮಕ್ಕಳಿಗೆ ಕೇಳಲು ಹಿತವಾದ ಮಾತು, ಆದರೆ ರುದ್ರಮ್ಮ 1289ರಲ್ಲೇ ತೀರಿಹೋದಳೆಂದು ಚಂದುಪಟ್ಲದ ಶಾಸನದಿಂದ ಗೊತ್ತಾಗಿದೆ. ಗನ್ನಾರೆಡ್ಡಿ ಅವಳ ಪಾಳೆಯದಲ್ಲಿ ಬೆಳೆದ ಸರದಾರ ಎಂಬಷ್ಟಕ್ಕೆ ಆ ಮಾತನ್ನು ಉಳಿಸಿಕೊಳ್ಳಬಹುದು.

ಶಾಸನಕ್ಕಿಂತ ನನಗೆ ಪ್ರೀತಿ ಅದರ ಬಲಗಡೆಯಿರುವ ಚಿತ್ರದ ಮೇಲೆ. ಆ 41 ಅಡಿ ಕಲ್ಲನ್ನು ಇಲ್ಲಿಗೆ ಹೇಗೆ ತಂದರೆಂದು ಕಲ್ಲಿನಲ್ಲೇ ಗೀರಿ ತೋರಿಸಿದ್ದಾರೆ. ಗಟ್ಟಿಗಾಲಿಯ ಬಂಡಿ, ಅದರ ಮೇಲೆ ಮಲಗಿಸಿದ ಕಲ್ಲು, ಮುಂದೆ ಉದ್ದಕ್ಕೂ ಕಟ್ಟಿದ ಕೋಣಗಳ ಸಾಲು, ನಡುನಡುವೆ ಅವುಗಳನ್ನು ಹೊಡೆಯುವ ಆಳುಗಳು, ಹಿಂದೆ ಗಾಲಿಗೆ ಸನಿಕೆಯಂಥ ಮರದ ಕೋಲು ಕೊಟ್ಟು ಮೀಟುವವರು. ಕೋಟೆ ಕಟ್ಟಿಸಿದ ಒಡೆಯನ ಹೆಸರಿನ ಪಕ್ಕದಲ್ಲಿ ಕೋಟೆ ಕಟ್ಟಿದವರ ದುಡಿಮೆಯ ಚಿತ್ರವನ್ನೂ ಕೆತ್ತಿಸಿದ ಕೋಟೆಗಳು ಹೆಚ್ಚಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಗೀರುಗಳು ಎದ್ದು ಕಾಣುತ್ತವೆ. ಮಧ್ಯಾಹ್ನ ಹೋದರೆ ಗೋಡೆ ಸಪಾಟಾಗಿ ಕಾಣುತ್ತದೆ.

ಮೇ ತಿಂಗಳಲ್ಲಿ ಈ ಗೋಡೆಯ ಎದುರು ನಿಂತವರು 1520ರ ಮೇ ತಿಂಗಳನ್ನೂ ನೆನೆಯಬೇಕು. ಕೃಷ್ಣದೇವರಾಯನ ಪಡೆ ಇದೇ ಬಿರುಬೇಸಿಗೆಯಲ್ಲಿ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿತ್ತು. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆ ದಾಟಿ ಬಂದು ಮೇ 19ರ ಯುದ್ಧದಲ್ಲಿ ಸೋತ. ಪೋರ್ಚುಗೀಸ ನೂನಿಜ್ ಬರೆದಿಟ್ಟ ವಿವರದಲ್ಲಿ ಒಂದು ಸ್ವಾರಸ್ಯದ ಸಂಗತಿ ಬರುತ್ತದೆ. ಮುತ್ತಿಗೆ ಹಾಕಿದವರು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲುಗಳನ್ನು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರ ನೋಡಿ ಸೇನಾನಾಯಕರು ಹಣ ಎಣಿಸಿ ಕೊಡುತ್ತಿದ್ದರು. ಮೇಲಿನಿಂದ ಕೋಟೆಯವರು ಹೊಡೆದು ಹಾಕುತ್ತಿದ್ದರು. ಕೊನೆಗೆ ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಕೋವಿಗಾರರು ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಗುರಿಯಿಟ್ಟು ಹೊಡೆದ ಮೇಲೆ ಕೀಳುವ ಕೆಲಸ ಸಲೀಸಾಯಿತು. ಕಲ್ಲು ಹೊತ್ತು ತಂದವರ ಚಿತ್ರ ಗೋಡೆಯ ಮೇಲಿದೆ, ಕಿತ್ತವರ ಕೂಲಿಯ ಲೆಕ್ಕ ಪರದೇಶಿಯ ಬರಹದಲ್ಲಿದೆ. ‘ಕ್ವಾಟ್ಯಾಗ ಏನದ, ಕಲ್ಲು’ ಎನ್ನುವ ಅಪ್ಪಂದಿರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಅಲ್ಲಿಂದ ಏಕ್ ಮಿನಾರ್ ಮಸೀದಿಗೆ ಹೆಜ್ಜೆ ಹಾಕಬಹುದು. 1513ರಲ್ಲಿ, ಬಹಮನಿಗಳ ಕೊನೆಗಾಲದಲ್ಲಿ ಕಟ್ಟಿದ್ದು. ಎರಡು ಅಂತಸ್ತಿನ, ಸುಮಾರು 65 ಅಡಿ ಎತ್ತರದ ಒಂಟಿ ಮಿನಾರು. ಹೊತ್ತು ಇನ್ನೂ ತಂಪಾಗಿದ್ದರೆ ಬೆಟ್ಟ ಹತ್ತಿ ಬಾಲಾ ಹಿಸಾರ್ ನೋಡಬಹುದು. ಏರು ಹೆಚ್ಚಿಲ್ಲ, ಆದರೆ ನೆರಳೂ ಇಲ್ಲ. ಎಂಟೂವರೆಗೆ ಇಳಿದುಬಿಡಬೇಕು. ಇಳಿದ ಮೇಲೆ ಮಾಡಬೇಕಾದ ಕೆಲಸ ಒಂದೇ, ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ ಮತ್ತು ಮಿರ್ಚಿ. ಇದನ್ನು ವಿವರಿಸುವ ಅಗತ್ಯವಿಲ್ಲ, ರಾಯಚೂರಿನವರಿಗೆ ಗೊತ್ತಿದೆ; ಹೊರಗಿನವರು ತಿಂದು ತಿಳಿಯಲಿ.

ದೇವದುರ್ಗದ ದಾರಿಯನ್ನು ಒಂದು ಇಡೀ ದಿನಕ್ಕೆ ಇಟ್ಟುಕೊಳ್ಳಬೇಕು. ರಾಯಚೂರಿನಿಂದ ಸುಮಾರು 55 ಕಿಲೋಮೀಟರ್. ಅರ್ಧದಾರಿಯ ಹೊತ್ತಿಗೆ ಗಬ್ಬೂರು ಸಿಗುತ್ತದೆ, ಇಳಿಯಬೇಕಾದದ್ದು ಅಲ್ಲಿಯೇ. ಒಂದು ಕಾಲಕ್ಕೆ ಗೋಪುರಗ್ರಾಮ ಎಂದು ಕರೆಸಿಕೊಂಡು ವಿದ್ಯಾಕೇಂದ್ರವಾಗಿದ್ದ ಊರು. ಈಗ ನೋಡಿದರೆ ಮನೆಗಳ ನಡುವೆ ಗುಡಿಗಳೋ, ಗುಡಿಗಳ ನಡುವೆ ಮನೆಗಳೋ ಎಂಬಂತೆ ಇದೆ. ವೆಂಕಟೇಶ್ವರ, ಮಲೆಶಂಕರ, ಈಶ್ವರ, ಏಳು ಬಾವಿ ಬಸವಣ್ಣ, ಬಂಗಾರ ಬಸಪ್ಪ, ಹಣಮಪ್ಪ. ಹೆಸರು ಕೇಳುತ್ತ ಹೋದರೆ ಊರು ಸುತ್ತಿ ಮುಗಿಯುವುದಿಲ್ಲ. ಜೊತೆಗೆ ಹಲವು ಶಾಸನಕಲ್ಲುಗಳು. ಇತಿಹಾಸ ಓದುವ ಹುಡುಗಿಯರಾದರೆ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ ಯಾವ ಗುಡಿ ಎಲ್ಲಿದೆ ಎಂದು ನಕ್ಷೆ ಬರೆದುಕೊಳ್ಳಲಿ. ಅದೊಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಮನೆಯಲ್ಲೂ ‘ಪ್ರಾಜೆಕ್ಟ್’ ಎಂಬ ಮಾತಿಗೆ ದೇವರ ಹೆಸರಿನಷ್ಟೇ ಬೆಲೆಯಿದೆ.

ಗಬ್ಬೂರಿನಿಂದ ಮತ್ತೆ ಬಸ್ಸು ಹಿಡಿದರೆ ದೇವದುರ್ಗ. ಊರಿನ ಕೋಟೆ ಪಾಳುಬಿದ್ದಿದೆ. ತಾಲ್ಲೂಕಿನ ಚೆಲುವು ಇರುವುದು ಉತ್ತರಕ್ಕೆ, ಕೃಷ್ಣೆಯ ದಂಡೆಯಲ್ಲಿ. ಕೊಪ್ಪರದ ನರಸಿಂಹ, ಗೂಗಲ್‌ನ ಅಲ್ಲಮಪ್ರಭು, ತಿಂಥಣಿ ಬ್ರಿಜ್ ಹತ್ತಿರದ ಕನಕಗುರುಪೀಠ, ಸೇತುವೆ ದಾಟಿದರೆ ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಮೌನೇಶ್ವರನ ಗುಡಿಯನ್ನು ನೋಡಲೇಬೇಕು, ಆದರೆ ರಾಯಚೂರಿನಿಂದ ಹೊರಟು ಅದನ್ನೂ ಕೊಪ್ಪರವನ್ನೂ ಒಂದೇ ದಿನಕ್ಕೆ ತುರುಕಬಾರದು. ಒಂದನ್ನು ಆರಿಸಿಕೊಳ್ಳಿ. ಹಳ್ಳಿಗಳಿಗೆ ಹೋಗುವ ಬಸ್ಸು ವಿರಳ. ಇಳಿದ ಕೂಡಲೆ ಮಾಡಬೇಕಾದ ಮೊದಲ ಕೆಲಸ, ಅದೇ ಬಸ್ಸಿನ ಡ್ರೈವರಣ್ಣನನ್ನು ‘ವಾಪಸ್ ಯಾವಾಗ ಬರ್ತೀರಿ?’ ಎಂದು ಕೇಳುವುದು. ನಿಲ್ದಾಣದ ಬೋರ್ಡಿಗಿಂತ, ಮೊಬೈಲಿಗಿಂತ ಆ ಉತ್ತರ ನಂಬಿಕಸ್ತ.

ದೇವದುರ್ಗದ ಬಸ್ ನಿಲ್ದಾಣದಲ್ಲಿ ಸಂಜೆ ನಿಂತವರಿಗೆ ಇನ್ನೊಂದು ಬಗೆಯ ಬೇಸಿಗೆ ಪ್ರಯಾಣ ಕಾಣುತ್ತದೆ. ಬೆಂಗಳೂರಿನ ಬಸ್ಸಿಗೆ ಕಾಯುತ್ತ ಕುಟುಂಬಗಳು ಕುಳಿತಿರುತ್ತವೆ. ಜೋಳದ ಚೀಲ, ಹಾಸಿಗೆಯ ಸುರುಳಿ, ಕೊಡ, ರೊಟ್ಟಿ ಬುತ್ತಿ, ಕಂಕುಳಲ್ಲಿ ಕೂಸು. ಗುಳೆ ಹೊರಟವರು. ಹೊಲದಲ್ಲಿ ಕೆಲಸ ಮುಗಿದು ಮಳೆ ಬೀಳುವ ತನಕದ ತಿಂಗಳುಗಳನ್ನು ಕಟ್ಟಡದ ಕೆಲಸದಲ್ಲಿ ಕಳೆಯಲು ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಹೋಗುವವರು. ಅವರ ನಡುವೆ ನನ್ನ ಅಣ್ಣನ ಮಗಳ ವಯಸ್ಸಿನ ಹುಡುಗಿಯರೂ ಇರುತ್ತಾರೆ. ಕೆಲವರು ಪಿಯುಸಿ ಮುಗಿಸಿದವರು, ಕೆಲವರು ಎಸ್ಸೆಸ್ಸೆಲ್ಸಿಗೆ ನಿಂತವರು. ಬೆಂಗಳೂರಿನ ಬಸ್ಸಿನ ಕಂಡಕ್ಟರು ಅವರಿಗೂ ಅದೇ ಶೂನ್ಯ ಟಿಕೆಟ್ಟು ಹರಿದು ಕೊಡುತ್ತಾರೆ. ಒಬ್ಬಳಿಗೆ ಅದು ಗಬ್ಬೂರಿನ ಗುಡಿ ನೋಡಿ ಬರುವ ಚೀಟಿ, ಇನ್ನೊಬ್ಬಳಿಗೆ ಸಿಮೆಂಟಿನ ಬುಟ್ಟಿ ಹೊರಲು ಹೋಗುವ ಚೀಟಿ.

ಇದನ್ನು ಹೇಳಿ ತಿರುಗಾಟಕ್ಕೆ ಹೋಗುವವರಲ್ಲಿ ತಪ್ಪಿನ ಭಾವನೆ ತುಂಬುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಬೇಸಿಗೆ ಓಡಾಟದ ಬಗ್ಗೆ ಬರೆಯುವಾಗ ಇದನ್ನು ಬಿಟ್ಟರೆ ಅರ್ಧ ಬರೆದಂತೆ. ಎರಡು ಹೊಳೆಗಳ ನಡುವಿನ ನಾಡು, ಎಡಕ್ಕೂ ಬಲಕ್ಕೂ ಕಾಲುವೆ. ಆದರೂ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟದ ಹೊಲಗಳು ದೇವದುರ್ಗದಲ್ಲಿ ಇನ್ನೂ ಇವೆ. ಗುಳೆ ಹೋಗುವ ಹುಡುಗಿಯರಿಗೆ ಬಸ್ಸಿನ ವೇಳಾಪಟ್ಟಿ ನಮಗಿಂತ ಚೆನ್ನಾಗಿ ಗೊತ್ತು. ದಾರಿಯಲ್ಲಿ ಎಲ್ಲಿ ಶೌಚಾಲಯ ಇದೆ, ಎಲ್ಲಿ ಇಳಿಯಬಾರದು, ಯಾವ ಹೊತ್ತಿಗೆ ಮೆಜೆಸ್ಟಿಕ್ ಮುಟ್ಟಿದರೆ ಒಳ್ಳೆಯದು ಎಂಬುದನ್ನು ಅವರಲ್ಲಿ ಕೇಳಿ ತಿಳಿಯಬೇಕು. ತಿರುಗಾಟ ಕಲಿಯಬೇಕಾದದ್ದು ಅವರಿಂದ.

ಮಾನ್ವಿಯ ದಾರಿಗೆ ಇಷ್ಟು ಭಾರವಿಲ್ಲ. ರಾಯಚೂರಿನಿಂದ ಸಿಂಧನೂರಿನ ಕಡೆ ಹೋಗುವ ಯಾವ ಬಸ್ಸು ಹಿಡಿದರೂ ಆಯಿತು, ಒಂದರ ಹಿಂದೆ ಒಂದು ಇರುತ್ತವೆ. ಕಲ್ಲೂರಿನ ಮಹಾಲಕ್ಷ್ಮಿ, ನೀರಮಾನ್ವಿಯ ಯಲ್ಲಮ್ಮ ದಾರಿಯಲ್ಲೇ ಸಿಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ ಇದು. ಚಳಿಗಾಲದಲ್ಲಿ ಹಸಿರು ಕಣ್ಣು ತುಂಬುತ್ತದೆ. ಏಪ್ರಿಲ್ ದಾಟಿದ ಮೇಲೆ ಕಾಲುವೆಗೆ ನೀರು ನಿಂತು, ಕೊಯ್ದ ಗದ್ದೆಯ ಕೂಳೆ ಮಾತ್ರ ಉಳಿದಿರುತ್ತದೆ.

ಮಾನ್ವಿಯಲ್ಲಿ ನೋಡಬೇಕಾದ್ದು ಜಗನ್ನಾಥದಾಸರ ಸನ್ನಿಧಿ. ಹರಿಕಥಾಮೃತಸಾರ ಬರೆದ ದಾಸರು ಹುಟ್ಟಿದ್ದು ಇದೇ ತಾಲ್ಲೂಕಿನ ಬ್ಯಾಗವಾಟದಲ್ಲಿ, ಬಾಳಿದ್ದು ಮಾನ್ವಿಯಲ್ಲಿ. ಅವರು ಆತುಕೊಂಡು ಕೂರುತ್ತಿದ್ದ ಕಂಬದಲ್ಲೇ ನೆಲೆಸಿದ್ದಾರೆಂದು ಭಕ್ತರು ನಂಬುತ್ತಾರೆ. ವಿಜಯದಾಸರ ಊರು ಚೀಕಲಪರವಿ ಕೂಡ ಮಾನ್ವಿ ತಾಲ್ಲೂಕಿನದೇ, ತುಂಗಭದ್ರೆಯ ದಂಡೆಯಲ್ಲಿದೆ. ಇವರಿಬ್ಬರ ನಡುವಿನ ಕೊಂಡಿಯಾದ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನವರು. ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ಮೂವರು ದೊಡ್ಡವರು ಇವತ್ತಿನ ಲೆಕ್ಕದಲ್ಲಿ ಎರಡು ನೆರೆಯ ತಾಲ್ಲೂಕುಗಳಲ್ಲಿ ಹುಟ್ಟಿದವರು! ಆ ದಾಸರು ಬರೆದದ್ದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರಲ್ಲಿ ಹೆಂಗಸರ ಪಾಲು ದೊಡ್ಡದು. ಹೆಳವನಕಟ್ಟೆ ಗಿರಿಯಮ್ಮ ಹಾಡು ಕಟ್ಟುವುದಕ್ಕೆ ಗೋಪಾಲದಾಸರ ಅನುಗ್ರಹ ಕಾರಣವೆಂದು ಪರಂಪರೆ ಹೇಳುತ್ತದೆ. ಇವತ್ತಿಗೂ ರಾಯಚೂರಿನ ಓಣಿ ಓಣಿಗಳಲ್ಲಿ ಭಜನಾ ಮಂಡಳಿಯ ಹೆಂಗಸರು ಸುಳಾದಿ, ಉಗಾಭೋಗ ಹಾಡುತ್ತಾರೆ. ಅಜ್ಜಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋದರೆ ಮಾನ್ವಿಯ ತಿರುಗಾಟಕ್ಕೆ ಹಾಡೂ ಸಿಗುತ್ತದೆ, ಮನೆಯ ಒಪ್ಪಿಗೆಯೂ ಸಿಗುತ್ತದೆ. ಇದು ಜಾಣತನವೇ ಹೊರತು ಮೋಸವಲ್ಲ.

ಇನ್ನು ಮಂತ್ರಾಲಯ. ರಾಯಚೂರಿನಿಂದ ಸುಮಾರು 45 ಕಿಲೋಮೀಟರ್, ಆದರೆ ತುಂಗಭದ್ರೆಯ ಆಚೆ, ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ. ಅಂತರರಾಜ್ಯ ಬಸ್ಸಾದ್ದರಿಂದ ಟಿಕೆಟ್ಟಿಗೆ ದುಡ್ಡು ಕೊಡಬೇಕು. ‘ರಾಯರ ಕಡೆ ಹೋಗೂದು ಫ್ರೀ ಇಲ್ಲೇನ್ರಿ?’ ಎಂದು ಕಂಡಕ್ಟರ ಜೊತೆ ಜಗಳ ತೆಗೆದ ಅಜ್ಜಿಯರನ್ನು ನಾನು ಕಂಡಿದ್ದೇನೆ. ಅಂಥವರಿಗೂ ಹುಡುಗಿಯರಿಗೂ ನನ್ನ ಸಲಹೆ ಬಿಚ್ಚಾಲಿ. ಇದು ನದಿಯ ಈಚೆಯ ದಂಡೆಯಲ್ಲಿ, ರಾಯಚೂರು ತಾಲ್ಲೂಕಿನಲ್ಲೇ ಇದೆ. ರಾಘವೇಂದ್ರ ಸ್ವಾಮಿಗಳ ಶಿಷ್ಯ, ಅವರ ಮೇಲೆ ಸ್ತೋತ್ರ ಬರೆದ ಅಪ್ಪಣಾಚಾರ್ಯರ ಊರು. 1671ರಲ್ಲಿ ಬೃಂದಾವನಸ್ಥರಾಗುವ ಮುನ್ನ ರಾಯರು ಇಲ್ಲಿ ಅಪ್ಪಣಾಚಾರ್ಯರ ಮನೆಯಲ್ಲಿ ಉಳಿದಿದ್ದರೆಂಬುದು ಮಠದ ಪರಂಪರೆಯ ಮಾತು. ಮಂತ್ರಾಲಯದ ನೂಕುನುಗ್ಗಲು ಇಲ್ಲಿಲ್ಲ. ಪಂಚಮುಖಿ ಆಂಜನೇಯನ ಗಾಣದಾಳ ಕೂಡ ಕರ್ನಾಟಕದ್ದೇ.

ಹೊಳೆಯ ವಿಷಯದಲ್ಲಿ ಮಾತ್ರ ನಾನು ಅಪ್ಪಂದಿರ ಪಕ್ಷ. ಬೇಸಿಗೆಯಲ್ಲಿ ಕೃಷ್ಣೆಯಲ್ಲೂ ತುಂಗಭದ್ರೆಯಲ್ಲೂ ನೀರು ಇಳಿದು ಬಂಡೆಗಳು ಮೇಲೇಳುತ್ತವೆ, ನಡುವೆ ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ನೋಡಲು ಮೊಣಕಾಲುದ್ದ ಕಾಣುವ ಮಡು ಆಳ ಇರುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಇದು ಮಕ್ಕಳನ್ನು ಹೆದರಿಸಲು ಕಟ್ಟಿದ ಕತೆಯಲ್ಲ. ನೀರು ತರಲು, ಬಟ್ಟೆ ಒಗೆಯಲು, ದನ ಮೇಯಿಸಲು ದಂಡೆಗೆ ಹೋದವರ ಮೇಲೆ ಅವು ಎರಗಿವೆ. ಆತ್ಕೂರಿನಿಂದ ಹರಿಗೋಲಿನಲ್ಲಿ ದಾಟಿ ಹೋಗುವ ಕುರುವಪುರ ದತ್ತಭಕ್ತರಿಗೆ ದೊಡ್ಡ ಕ್ಷೇತ್ರ, ಶ್ರೀಪಾದ ಶ್ರೀವಲ್ಲಭರ ತಪೋಭೂಮಿ, ನಡುಗಡ್ಡೆ. ಹೋಗುವುದಾದರೆ ಬೇಸಿಗೆಯೇ ಸರಿಯಾದ ಕಾಲ. ಲೈಫ್ ಜಾಕೆಟ್ ಇಲ್ಲದ, ಜನ ತುಂಬಿದ ಹರಿಗೋಲಿಗೆ ಮಾತ್ರ ಯಾರು ಕರೆದರೂ ಹತ್ತಬೇಡಿ. ಹಾಗೆಯೇ ನದಿಯಲ್ಲಿ ಕಾಲು ತೊಳೆಯುವುದು ಬೇಡ, ಸೆಲ್ಫಿಗೆ ಬಂಡೆಯ ತುದಿ ಬೇಡ.

ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಕಾರಣಕ್ಕೆ ಮಗು ತೀರಿಹೋಯಿತು. ಪ್ರವಾಸದ ಅಂಕಣದಲ್ಲಿ ಇಂಥ ಸಾಲು ಬರೆಯಬೇಕಾಗಿ ಬರುವುದು ನಾಚಿಕೆಯ ಸಂಗತಿ, ಆದರೆ ಬರೆಯದಿದ್ದರೆ ಇನ್ನೂ ನಾಚಿಕೆ. ಎರಡು ಬಾಟಲಿ ನೀರು, ಒಂದು ಡಬ್ಬಿ ಮಜ್ಜಿಗೆ, ಉಪ್ಪು ಹಾಕಿದ ಲಿಂಬೆಹಣ್ಣಿನ ಪಾನಕ, ತಲೆಗೆ ಓಢಣಿ, ಕೈಚೀಲದಲ್ಲಿ ಸಜ್ಜೆ ರೊಟ್ಟಿ ಮತ್ತು ಶೇಂಗಾ ಚಟ್ನಿ ಇರಲಿ. ರಸ್ತೆಬದಿಯಲ್ಲಿ ತಾಳೆಹಣ್ಣು ಸಿಕ್ಕರೆ ಬಿಡಬೇಡಿ.

ಶೌಚಾಲಯದ ಮಾತನ್ನು ನಮ್ಮ ಪ್ರವಾಸಿ ಬರಹಗಳು ಮರ್ಯಾದೆಗೆಂದು ಬಿಟ್ಟುಬಿಡುತ್ತವೆ. ಹೆಣ್ಣುಮಕ್ಕಳು ಪ್ರಯಾಣದ ದಿನ ನೀರು ಕುಡಿಯದೆ ಇರುವುದು ಈ ಕಾರಣಕ್ಕೆ, 42 ಡಿಗ್ರಿಯಲ್ಲಿ ನೀರು ಕುಡಿಯದೆ ಇದ್ದರೆ ತಲೆಸುತ್ತು ಬಂದು ಬೀಳುತ್ತಾರೆ. ಆದ್ದರಿಂದ ನಾನು ಅಣ್ಣನ ಮಗಳಿಗೆ ಬರೆದುಕೊಟ್ಟ ಪಟ್ಟಿಯಲ್ಲಿ ಗುಡಿ, ಕೋಟೆಗಳ ಎದುರಿಗೆ ಇನ್ನೊಂದು ಸಾಲು ಇತ್ತು: ಹತ್ತಿರದ ಬಸ್ ನಿಲ್ದಾಣ ಯಾವುದು, ಅಲ್ಲಿಂದ ಎಷ್ಟು ದೂರ. ತಾಲ್ಲೂಕು ಕೇಂದ್ರದ ನಿಲ್ದಾಣವನ್ನು ಊರು ಬಿಡುವ ಮುಂಚೆ ಬಳಸಿಕೊಂಡು, ಹಳ್ಳಿಯ ಭೇಟಿಯನ್ನು ಎರಡು ಗಂಟೆಯೊಳಗೆ ಮುಗಿಸಿ ಮತ್ತೆ ಅಲ್ಲಿಗೇ ಬರುವಂತೆ ಹೊಂದಿಸಬೇಕು. ಈ ಲೆಕ್ಕ ಹಾಕದ ಯೋಜನೆ ಗಂಡಸರು ಮಾಡಿದ ಯೋಜನೆ.

ಕೊನೆಯ ಬಸ್ಸಿನ ಲೆಕ್ಕವೂ ಅಷ್ಟೇ. ಕೊನೆಯ ಬಸ್ಸನ್ನು ಇಲ್ಲವೆಂದೇ ತಿಳಿದು ಅದರ ಹಿಂದಿನದ್ದನ್ನು ನಮ್ಮ ಬಸ್ಸೆಂದು ಇಟ್ಟುಕೊಳ್ಳಬೇಕು. ಕೊನೆಯದು ತಪ್ಪಿದರೆ ಉಳಿಯುವುದು ಟಂಟಂ, ಕ್ರೂಸರ್. ಅವುಗಳಲ್ಲಿ ಜನ ತುಂಬುವ ಬಗೆಯನ್ನು ಎಲ್ಲರೂ ನೋಡಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ರಾತ್ರಿ ಎಂಟೂವರೆಗೆ ಮನೆ ಸೇರಿದ ಹುಡುಗಿಗೆ ಆ ಬೇಸಿಗೆಯಲ್ಲಿ ಮತ್ತೊಂದು ತಿರುಗಾಟ ಸಿಗುವುದಿಲ್ಲ. ಅವಳ ತಂಗಿಗೂ ಸಿಗುವುದಿಲ್ಲ. ಇದು ನ್ಯಾಯವಲ್ಲ, ಇರುವ ಸ್ಥಿತಿ. ಇಬ್ಬರು ಮೂವರು ಗೆಳತಿಯರು ಜೊತೆಯಾಗಿ ಹೋಗುವುದು, ಹೋದ ಕಡೆಯಿಂದ ಒಮ್ಮೆ ಫೋನು ಮಾಡುವುದು, ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮುಂಚೆ ಮನೆ ಮುಟ್ಟುವುದು: ಹೀಗೆ ಎರಡು ಸಲ ಮಾಡಿದರೆ ಮೂರನೆಯ ಸಲ ‘ಕ್ವಾಟಿ’ ಎಂದರೂ ಅಪ್ಪ ಬೇಡ ಎನ್ನುವುದಿಲ್ಲ. ನನ್ನ ಅಣ್ಣ ಎನ್ನಲಿಲ್ಲ.

ಮೇ ಮುಗಿದ ಮೇಲೆ ಊರಲ್ಲೇ ಒಂದು ದೊಡ್ಡ ಸಂಭ್ರಮ ಬರುತ್ತದೆ. ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬ. ಮೂರು ದಿನ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ಕರ್ನಾಟಕ ಅಷ್ಟೇ ಅಲ್ಲ, ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ, ಜಾನಪದ ಕಲಾತಂಡಗಳ ಮೆರವಣಿಗೆಯೂ ಇರುತ್ತದೆ. ಕೋಟೆಯ ಗೋಡೆಯ ಮೇಲೆ ಕಲ್ಲು ಎಳೆಯುವ ಕೋಣಗಳ ಸಾಲನ್ನು ನೋಡಿದವರು ಈ ಸ್ಪರ್ಧೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಆದ್ದರಿಂದ ಕೋಟೆಯನ್ನು ಹಬ್ಬಕ್ಕೆ ಮುಂಚೆ ನೋಡಿ ಮುಗಿಸಬೇಕು. ಹಬ್ಬಕ್ಕೆ ಹೋಗುವ ಹೆಂಗಸರಿಗೆ ಬೆಳಗಿನ ಹೊತ್ತು ಅನುಕೂಲ, ಸಂಜೆ ಗದ್ದಲ ವಿಪರೀತ.

ಮಸ್ಕಿ, ಮುದಗಲ್, ಜಲದುರ್ಗಗಳನ್ನು ಈ ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದೇನೆ. 1915ರಲ್ಲಿ ಸಿಕ್ಕ, ಅಶೋಕನ ಹೆಸರನ್ನು ಅವನದೇ ಶಾಸನಗಳಲ್ಲಿ ಮೊದಲ ಸಲ ಜಗತ್ತಿಗೆ ತೋರಿಸಿದ ಮಸ್ಕಿಯ ಶಾಸನ ಬಂಡೆಗಲ್ಲಿನ ಬೆಟ್ಟದಲ್ಲಿದೆ. ಮುದಗಲ್ಲಿನ ಕೋಟೆಯನ್ನು ಸುತ್ತಲು ಅರ್ಧ ದಿನ ಬೇಕು. ಜಲದುರ್ಗ ಕೃಷ್ಣೆಯ ನಡುಗಡ್ಡೆಯಲ್ಲಿದೆ, ಹೋಗಿಬರುವುದಕ್ಕೇ ಹೊತ್ತು ಹಿಡಿಯುತ್ತದೆ. ಮೂರೂ ಚಳಿಗಾಲದ ಊರುಗಳು. ಡಿಸೆಂಬರಿನಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ಹೋಗಿ. ಮಸ್ಕಿಗೂ ಮುದಗಲ್ಲಿಗೂ ಶೂನ್ಯ ಟಿಕೆಟ್ಟು ನಡೆಯುತ್ತದೆ, ಆಧಾರ್ ಕಾರ್ಡ್ ಮರೆಯಬೇಡಿ.